ನೆಲದಡಿಯ ಹರಳು, ಎಲ್ಲರ ಬೊಕ್ಕಸ: ಸೆರೆಟ್ಸೆ ಖಾಮಾ ಅವರ ಬದುಕು



ಮಹನೀಯರ ಬದುಕನ್ನು ಪರಿಚಯಿಸುವ ಈ ಮಾಲೆಯಲ್ಲಿ ಇದುವರೆಗೆ ಹೆಚ್ಚಾಗಿ ನಮ್ಮ ನಾಡಿನವರನ್ನೇ ನೆನೆದಿದ್ದೇವೆ. ಈ ಸಲ ದೂರದ ಆಫ್ರಿಕಾಕ್ಕೆ ಹೋಗೋಣ. ಅದಕ್ಕೊಂದು ಕಾರಣವಿದೆ. ಗೋವಾದಲ್ಲಿ ನೆಲೆಸಿರುವ ನಮಗೆ ಗಣಿ ಎಂಬುದು ಬರೀ ಪತ್ರಿಕೆಯ ಸುದ್ದಿಯಲ್ಲ. ಡಿಚೋಲಿ, ಸಾಂಗೆ, ಕುಡಚಡೆ ಕಡೆಯ ಗಣಿಗಳಲ್ಲಿ ದುಡಿದವರು, ಅದಿರಿನ ಟಿಪ್ಪರ್ ಓಡಿಸಿದವರು, ಮುರಗಾಂವ ಬಂದರಿನಲ್ಲಿ ಬೆವರು ಸುರಿಸಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಗುಡ್ಡ ಕರಗಿತು, ಹಡಗು ಹೋಯಿತು, ದುಡ್ಡು ಯಾರಿಗೆ ಸೇರಿತು ಎಂಬ ಮಾತು ನಮ್ಮ ಮಾಸಿಕ ಸಭೆಗಳಲ್ಲಿ ಆಗಾಗ ಬರುತ್ತದೆ. ಆ ಹಣವನ್ನು ಮನೆಮನೆಗೆ ಹಂಚಬೇಕಿತ್ತು ಎನ್ನುವವರಿದ್ದಾರೆ, ಸರಕಾರವೇ ಶಾಲೆ, ಆಸ್ಪತ್ರೆ ಕಟ್ಟಬೇಕಿತ್ತು ಎನ್ನುವವರೂ ಇದ್ದಾರೆ. ಈ ಪ್ರಶ್ನೆಗೆ ತನ್ನ ಬದುಕಿನಲ್ಲೇ ಒಂದು ಉತ್ತರ ಕೊಟ್ಟ ವ್ಯಕ್ತಿ ಬೋಟ್ಸ್ವಾನಾ ದೇಶದ ಮೊದಲ ಅಧ್ಯಕ್ಷ ಸರ್ ಸೆರೆಟ್ಸೆ ಖಾಮಾ. ಅವರು ತೀರಿಕೊಂಡು ನಾಲ್ಕು ದಶಕಗಳ ಮೇಲಾಯಿತು. ನಮ್ಮಲ್ಲಿ ಅವರ ಹೆಸರು ಕೇಳಿದವರು ಕಡಿಮೆ, ಅವರ ದೇಶದಲ್ಲಿ ಮಾತ್ರ ನೋಟಿನ ಮೇಲೆ ಅವರ ಚಿತ್ರವಿದೆ.

ನಾಲ್ಕನೇ ವಯಸ್ಸಿಗೆ ಪಟ್ಟ

ದಕ್ಷಿಣ ಆಫ್ರಿಕಾದ ಉತ್ತರಕ್ಕೆ, ಬಹುಪಾಲು ಕಲಹಾರಿ ಮರುಭೂಮಿಯೇ ಆವರಿಸಿರುವ ದೇಶ ಬೋಟ್ಸ್ವಾನಾ. ಕರ್ನಾಟಕದ ಮೂರರಷ್ಟು ವಿಸ್ತಾರ. ಆಗ ಅದರ ಹೆಸರು ಬೆಚುವಾನಾಲ್ಯಾಂಡ್, ಬ್ರಿಟಿಷರ ರಕ್ಷಣೆಯಲ್ಲಿದ್ದ ಪ್ರದೇಶ. ಅಲ್ಲಿ ಹಲವು ಬುಡಕಟ್ಟುಗಳು, ಒಂದೊಂದಕ್ಕೂ ಒಬ್ಬ ದೊರೆ. ಅವುಗಳಲ್ಲಿ ದೊಡ್ಡದು ಬಂಗ್ವಾಟೊ. ಸೆರೊವೆ ಎಂಬುದು ಅವರ ರಾಜಧಾನಿ. ಅಲ್ಲಿ 1921ರ ಜುಲೈ 1ರಂದು ಸೆರೆಟ್ಸೆ ಹುಟ್ಟಿದರು. ತಾತ ಮೂರನೇ ಖಾಮಾ ಹೆಸರಾಂತ ದೊರೆ. ತಾತನಿಗೂ ತಂದೆ ಎರಡನೇ ಸೆಕ್ಗೊಮಾಗೂ ಬಹುಕಾಲ ಮುನಿಸಿತ್ತು. ಅದು ಕರಗಿ ಇಬ್ಬರೂ ಒಂದಾದ ನೆನಪಿಗೆ ಮಗುವಿಗೆ ಸೆರೆಟ್ಸೆ ಎಂದು ಹೆಸರಿಟ್ಟರು. ಅವರ ಸೆಟ್ಸ್ವಾನಾ ಭಾಷೆಯಲ್ಲಿ ಅದರ ಅರ್ಥ ಬೆಸೆಯುವ ಜೇಡಿಮಣ್ಣು.

1925ರಲ್ಲಿ ತಂದೆ ತೀರಿಕೊಂಡರು. ನಾಲ್ಕು ವರ್ಷದ ಹುಡುಗನಿಗೆ ಪಟ್ಟ ಬಂತು. ಆಡಳಿತವನ್ನು ಚಿಕ್ಕಪ್ಪ ಚೆಕೆಡಿ ಖಾಮಾ ವಹಿಸಿಕೊಂಡರು. ಚೆಕೆಡಿಗೂ ಆಗ ಇಪ್ಪತ್ತರ ವಯಸ್ಸು. ಶಿಸ್ತಿನ ಮನುಷ್ಯ, ಬ್ರಿಟಿಷ್ ಅಧಿಕಾರಿಗಳಿಗೂ ಜಗ್ಗದವರು. ಅಣ್ಣನ ಮಗನನ್ನು ಸ್ವಂತ ಮಗನಂತೆ ಸಾಕಿ ಒಳ್ಳೆಯ ಶಾಲೆಗಳಿಗೆ ಕಳಿಸಿದರು. ಸೆರೆಟ್ಸೆ 1944ರಲ್ಲಿ ದಕ್ಷಿಣ ಆಫ್ರಿಕಾದ ಫೋರ್ಟ್ ಹೇರ್ ಕಾಲೇಜಿನಲ್ಲಿ ಪದವಿ ಮುಗಿಸಿದರು. ಮುಂದೆ ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಓದಿ, ಆಮೇಲೆ ಬ್ಯಾರಿಸ್ಟರ್ ಆಗಲು ಲಂಡನ್ನಿನ ಇನ್ನರ್ ಟೆಂಪಲ್ ಸೇರಿದರು.

ಒಂದು ಮದುವೆ, ಒಂದು ಗಡೀಪಾರು

1947ರಲ್ಲಿ ಲಂಡನ್ನಿನಲ್ಲಿ ಅವರಿಗೆ ರೂತ್ ವಿಲಿಯಮ್ಸ್ ಎಂಬ ಬಿಳಿಯ ಹೆಣ್ಣುಮಗಳ ಪರಿಚಯವಾಯಿತು. ಆಕೆ ಲಾಯ್ಡ್ಸ್ ವಿಮಾ ವ್ಯವಹಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಗುಮಾಸ್ತರ ಕುಲದವನಾದ ನನಗೆ ಇದೊಂದು ಸಂತೋಷದ ಸಂಗತಿ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. 1948ರ ಸೆಪ್ಟೆಂಬರಿನಲ್ಲಿ ಇಬ್ಬರೂ ನೋಂದಣಿ ಕಚೇರಿಯಲ್ಲಿ ಮದುವೆಯಾದರು. ರೂತ್ ಮನೆಯಲ್ಲಿ ವಿರೋಧ, ಚಿಕ್ಕಪ್ಪ ಚೆಕೆಡಿಗಂತೂ ಕಡು ಕೋಪ. ಬುಡಕಟ್ಟಿನ ಒಪ್ಪಿಗೆಯಿಲ್ಲದೆ ದೊರೆ ಮದುವೆಯಾಗುವುದೆಂದರೇನು ಎಂಬುದು ಅವರ ವಾದ.

ಸೆರೆಟ್ಸೆ ಊರಿಗೆ ಹೋಗಿ ಖೋಟ್ಲಾದಲ್ಲಿ ನಿಂತರು. ಖೋಟ್ಲಾ ಎಂದರೆ ದೊರೆಯ ಮನೆಯ ಮುಂದಿನ ಬಯಲು, ನಮ್ಮ ಊರಿನ ಚಾವಡಿ ಇದ್ದ ಹಾಗೆ. ಅಲ್ಲಿ ಯಾರು ಬೇಕಾದರೂ ಎದ್ದು ದೊರೆಯ ಎದುರೇ ಮಾತಾಡಬಹುದು. ಮೊದಲ ಎರಡು ಸಭೆಗಳಲ್ಲಿ ಹಿರಿಯರು ಒಪ್ಪಲಿಲ್ಲ. 1949ರ ಜೂನ್‌ನಲ್ಲಿ ಮೂರನೇ ಸಭೆ ಸೇರಿತು. ಸಾವಿರಾರು ಮಂದಿ ಸೆರೆಟ್ಸೆ ಪರ ಎದ್ದು ನಿಂತರು, ವಿರೋಧಿಸಿದವರು ಬೆರಳೆಣಿಕೆ. ಸೊಸೆ ಯಾವ ಬಣ್ಣದವಳಾದರೇನು, ನಮ್ಮ ದೊರೆ ನಮಗೆ ಬೇಕು ಎಂಬುದು ಜನರ ತೀರ್ಮಾನ. ಚೆಕೆಡಿ ಊರು ಬಿಟ್ಟು ನೆರೆಯ ಬುಡಕಟ್ಟಿನ ನೆಲಕ್ಕೆ ಹೋದರು.

ಊರಿನವರು ಒಪ್ಪಿದರೂ ದೊಡ್ಡವರು ಒಪ್ಪಲಿಲ್ಲ. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ 1948ರಲ್ಲಿ ವರ್ಣಭೇದದ ಸರಕಾರ ಬಂದಿತ್ತು. ಕಪ್ಪು-ಬಿಳಿ ಮದುವೆಯನ್ನೇ ಕಾನೂನಿನಿಂದ ನಿಷೇಧಿಸಲು ಹೊರಟಿದ್ದ ಆ ಸರಕಾರಕ್ಕೆ ಗಡಿಯ ಆಚೆ ಕರಿಯ ದೊರೆ, ಬಿಳಿಯ ರಾಣಿ ಇರುವುದು ಕಣ್ಣಿಗೆ ಕಸ ಬಿದ್ದಂತಾಯಿತು. ಬ್ರಿಟನ್ನಿಗೆ ಆ ಹೊತ್ತಿನಲ್ಲಿ ದಕ್ಷಿಣ ಆಫ್ರಿಕಾದ ಚಿನ್ನ ಬೇಕಿತ್ತು. ಅಣುಬಾಂಬು ಮಾಡಲು ಅಲ್ಲಿಯ ಯುರೇನಿಯಂ ಬೇಕಿತ್ತು. ಅದಿರು ಕೊಡುವವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಲಂಡನ್ನಿಗಿರಲಿಲ್ಲ. ಒಂದು ವಿಚಾರಣಾ ಆಯೋಗ ನೇಮಿಸಿದರು. ಈ ಮದುವೆಯೊಂದನ್ನು ಬಿಟ್ಟರೆ ಸೆರೆಟ್ಸೆ ಆಳಲು ತಕ್ಕವರೇ ಎಂದು ಆಯೋಗ ಹೇಳಿತು. ಆ ವರದಿಯನ್ನು ಸುಮಾರು ಮೂರು ದಶಕ ಹೊರಗೆ ಬಿಡಲಿಲ್ಲ.

1950ರಲ್ಲಿ ಮಾತುಕತೆಗೆಂದು ಸೆರೆಟ್ಸೆಯನ್ನು ಲಂಡನ್ನಿಗೆ ಕರೆಸಿಕೊಂಡರು. ಪಟ್ಟ ಬಿಟ್ಟುಕೊಟ್ಟು ಇಂಗ್ಲೆಂಡಿನಲ್ಲೇ ಇದ್ದರೆ ವರ್ಷಕ್ಕೆ 1,100 ಪೌಂಡ್ ಭತ್ಯೆ ಕೊಡುವುದಾಗಿ ಹೇಳಿದರು. ಅವರು ಒಪ್ಪಲಿಲ್ಲ. ಆಗ ಐದು ವರ್ಷ ಊರಿಗೆ ಕಾಲಿಡದಂತೆ ಆಜ್ಞೆಯಾಯಿತು. ರೂತ್ ಸೆರೊವೆಯಲ್ಲಿ ತುಂಬು ಗರ್ಭಿಣಿಯಾಗಿದ್ದರು. ಮೊದಲ ಮಗು ಹುಟ್ಟಿದ್ದು ಆ ಗದ್ದಲದ ನಡುವೆಯೇ. ಅದೇ ವರ್ಷ ಇಡೀ ಕುಟುಂಬ ಲಂಡನ್ ಸೇರಬೇಕಾಯಿತು. ಆಮೇಲೆ ಬಂದ ಹೊಸ ಸರಕಾರ 1952ರಲ್ಲಿ ನಿಷೇಧವನ್ನು ಕಾಯಂ ಮಾಡಿತು. ದೂರದ ಜಮೈಕಾದಲ್ಲಿ ಒಂದು ಹುದ್ದೆಯ ಆಸೆ ತೋರಿಸಿತು. ಅದನ್ನೂ ಸೆರೆಟ್ಸೆ ಬೇಡವೆಂದರು. ಇತ್ತ ಊರಿನ ಜನ ಬೇರೆ ದೊರೆಯನ್ನು ಆರಿಸಲು ಒಪ್ಪದೆ ವರ್ಷಗಟ್ಟಲೆ ಹಟ ಹಿಡಿದು ಕೂತರು. ಈ ಮದುವೆಯ ಕಥೆ 2016ರಲ್ಲಿ ಎ ಯುನೈಟೆಡ್ ಕಿಂಗ್‌ಡಮ್ ಎಂಬ ಸಿನೆಮಾ ಆಗಿ ಬಂದಿದೆ. ಸಿನೆಮಾ ಹೆಚ್ಚಾಗಿ ಪ್ರೇಮದ ಕಥೆ ಹೇಳುತ್ತದೆ. ಈ ಲೇಖನಕ್ಕೆ ಮುಖ್ಯವಾದ ಸಂಗತಿ ಬೇರೆ. ಇನ್ನೊಬ್ಬರ ನೆಲದ ಅದಿರಿನ ಆಸೆಗೆ ಈ ಮನುಷ್ಯ ತನ್ನ ಊರನ್ನೂ ಪಟ್ಟವನ್ನೂ ಕಳೆದುಕೊಂಡರು. ಮುಂದೆ ತಮ್ಮ ನೆಲದಲ್ಲೇ ಅದಿರು ಸಿಕ್ಕಾಗ ಅವರು ನಡೆದುಕೊಂಡ ರೀತಿಯನ್ನು ಇದರ ಜೊತೆಗಿಟ್ಟು ನೋಡಬೇಕು.

1956ರಲ್ಲಿ ಚಿಕ್ಕಪ್ಪನೂ ಮಗನೂ ಮತ್ತೆ ಒಂದಾದರು. ಇಬ್ಬರೂ ದೊರೆತನದ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದರು. ಸೆರೆಟ್ಸೆ ಸಾಮಾನ್ಯ ಪ್ರಜೆಯಾಗಿ ಊರಿಗೆ ಮರಳಿದರು. ಸ್ವಲ್ಪ ಕಾಲ ದನಕರು ನೋಡಿಕೊಂಡು ಇದ್ದರು. ಸಕ್ಕರೆ ಕಾಯಿಲೆ ಅಂಟಿಕೊಂಡದ್ದೂ ಆ ಕಾಲದಲ್ಲೇ.

ಬರಗಾಲದಲ್ಲಿ ಬಂದ ಸ್ವಾತಂತ್ರ್ಯ

1960ರ ಹೊತ್ತಿಗೆ ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದವು. 1962ರಲ್ಲಿ ಸೆರೆಟ್ಸೆ ಡೆಮಾಕ್ರಟಿಕ್ ಪಕ್ಷ ಕಟ್ಟಿದರು. ಜೊತೆಗೆ ಇದ್ದವರು ಕ್ವೆಟ್ ಮಸೀರೆ. ಶಾಲಾ ಮೇಷ್ಟ್ರು, ಪತ್ರಕರ್ತ, ಒಳ್ಳೆಯ ರೈತ, ಲೆಕ್ಕದಲ್ಲಿ ಬಿಗಿ. ಅವರು ಬಂಗ್ವಾಟೊ ಅಲ್ಲ, ಬಂಗ್ವಾಕೆಟ್ಸೆ ಎಂಬ ಇನ್ನೊಂದು ಬುಡಕಟ್ಟಿನವರು. ಜನರ ಪ್ರೀತಿ ಸೆರೆಟ್ಸೆಯದು, ಕಡತ ಮತ್ತು ಲೆಕ್ಕ ಮಸೀರೆಯದು. ಆ ಜೋಡಿ ಕೊನೆಯತನಕ ಒಡೆಯಲಿಲ್ಲ. 1965ರ ಚುನಾವಣೆಯಲ್ಲಿ ಅವರ ಪಕ್ಷ 31 ಸ್ಥಾನಗಳಲ್ಲಿ 28 ಗೆದ್ದಿತು. 1966ರ ಸೆಪ್ಟೆಂಬರ್ 30ರಂದು ಬೋಟ್ಸ್ವಾನಾ ಸ್ವತಂತ್ರವಾಯಿತು. ಅಂದು ಊರಿಗೇ ಬರಬೇಡವೆಂದ ಬ್ರಿಟನ್ ಈಗ ಅವರಿಗೆ ಸರ್ ಪದವಿ ಕೊಟ್ಟಿತು.

ಕೈಗೆ ಬಂದ ದೇಶದ ಸ್ಥಿತಿ ಹೇಗಿತ್ತೆಂದರೆ, ಅದುವರೆಗೆ ಅದರ ರಾಜಧಾನಿಯೇ ದೇಶದೊಳಗೆ ಇರಲಿಲ್ಲ. ಗಡಿಯಾಚೆ ದಕ್ಷಿಣ ಆಫ್ರಿಕಾದ ಮೆಫೆಕಿಂಗ್ ಊರಿನಲ್ಲಿ ಕೂತು ಬ್ರಿಟಿಷರು ಆಡಳಿತ ನಡೆಸುತ್ತಿದ್ದರು. ಗ್ಯಾಬರೋನ್ ಎಂಬ ಹೊಸ ಊರನ್ನು ಸ್ವಾತಂತ್ರ್ಯದ ಮುಂಚೆ ಅವಸರದಲ್ಲಿ ಕಟ್ಟಿದ್ದರು. ಡಾಂಬರು ರಸ್ತೆಯನ್ನು ಕೆಲವೇ ಕಿಲೋಮೀಟರುಗಳಲ್ಲಿ ಎಣಿಸಿ ಮುಗಿಸಬಹುದಿತ್ತು. ಪದವೀಧರರನ್ನೆಲ್ಲ ಒಂದು ಸಣ್ಣ ಕೋಣೆಯಲ್ಲಿ ಕೂರಿಸಬಹುದಿತ್ತು. ವರ್ಷಗಟ್ಟಲೆ ಬಿದ್ದ ಬರದಲ್ಲಿ ದನಗಳು ಲಕ್ಷಗಟ್ಟಲೆ ಸತ್ತಿದ್ದವು. ಜನರ ದೊಡ್ಡ ಪಾಲು ಪರಿಹಾರದ ಧಾನ್ಯದಲ್ಲಿ ಬದುಕುತ್ತಿತ್ತು. ಗಂಡಸರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಗುಳೆ ಹೋಗುತ್ತಿದ್ದರು. ಸರಕಾರದ ನಿತ್ಯದ ಖರ್ಚಿನಲ್ಲಿ ಸುಮಾರು ಅರ್ಧ ಬ್ರಿಟನ್ ಕೊಡುವ ಅನುದಾನದಿಂದ ನಡೆಯುತ್ತಿತ್ತು. ರಫ್ತು ಎಂದರೆ ಬಹುಮಟ್ಟಿಗೆ ದನದ ಮಾಂಸ. ಈ ದೇಶ ನಾಲ್ಕು ದಿನ ಬಾಳುವುದಿಲ್ಲ, ದಕ್ಷಿಣ ಆಫ್ರಿಕಾ ನುಂಗಿಬಿಡುತ್ತದೆ ಎಂದೇ ಹೊರಗಿನವರ ಲೆಕ್ಕವಿತ್ತು.

ನೆಲ ಯಾರದು, ನೆಲದಡಿ ಯಾರದು

ಈಗ ನಮ್ಮ ವಿಷಯಕ್ಕೆ ಬರೋಣ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಬುಡಕಟ್ಟಿನ ನೆಲದ ಕೆಳಗಿನ ಖನಿಜ ಆ ಬುಡಕಟ್ಟಿನದೇ ಆಗಿತ್ತು. ಕಂಪನಿಯವರು ದೊರೆಯ ಜೊತೆ ಕರಾರು ಮಾಡಿಕೊಳ್ಳಬೇಕು, ರಾಜಧನ ಅಂದರೆ ರಾಯಲ್ಟಿ ಬುಡಕಟ್ಟಿನ ಖಜಾನೆಗೆ ಹೋಗಬೇಕು. ಚಿಕ್ಕಪ್ಪ ಚೆಕೆಡಿ 1959ರಲ್ಲಿ, ತಮ್ಮ ಸಾವಿನ ವರ್ಷವೇ, ಬಂಗ್ವಾಟೊ ನೆಲದ ತಾಮ್ರಕ್ಕಾಗಿ ಅಂಥ ಕರಾರನ್ನು ಬಹಳ ಚೌಕಾಸಿ ಮಾಡಿ ಕುದುರಿಸಿದ್ದರು. ಅದು ಬಂಗ್ವಾಟೊ ಜನರ ಮಟ್ಟಿಗೆ ಒಳ್ಳೆಯ ಕರಾರು. ಸೆರೆಟ್ಸೆ ಆ ವಂಶದ ಕುಡಿ. ದೊರೆತನ ಬಿಟ್ಟಿದ್ದರೂ ಜನ ಅವರನ್ನು ದೊರೆಯೆಂದೇ ಕಾಣುತ್ತಿದ್ದರು. ಆ ಹಕ್ಕನ್ನು ಹಾಗೇ ಉಳಿಸಿಕೊಂಡಿದ್ದರೆ ಅವರ ಸ್ವಂತ ಜನರೇ ದೇಶದಲ್ಲಿ ಎಲ್ಲರಿಗಿಂತ ಸಿರಿವಂತರಾಗುತ್ತಿದ್ದರು.

ಅವರು ಮಾಡಿದ್ದು ಇದಕ್ಕೆ ತದ್ವಿರುದ್ಧ. ಎಲ್ಲ ಬುಡಕಟ್ಟುಗಳ ಜೊತೆ ಮಾತಾಡಿ ಖನಿಜದ ಹಕ್ಕನ್ನು ದೇಶಕ್ಕೆ ಪಡೆಯುತ್ತೇವೆಂದು ಅವರ ಪಕ್ಷ 1965ರ ಪ್ರಣಾಳಿಕೆಯಲ್ಲೇ ಹೇಳಿತ್ತು. ಅದೇ ಮಾತನ್ನು ಹಿಡಿದುಕೊಂಡು ಒಂದೊಂದು ಬುಡಕಟ್ಟಿನವರನ್ನೂ ಒಪ್ಪಿಸಬೇಕಾಯಿತು. 1967ರಲ್ಲಿ ಗಣಿ ಮತ್ತು ಖನಿಜ ಕಾನೂನು ಬಂತು. ನೆಲದ ಮೇಲೆ ಯಾರು ದನ ಮೇಯಿಸಿದರೂ, ಯಾರು ಜೋಳ ಬೆಳೆದರೂ, ನೆಲದಡಿಯ ಖನಿಜ ಇಡೀ ದೇಶದ್ದು ಎಂದಾಯಿತು.

ಅದೇ 1967ರ ಏಪ್ರಿಲ್ ತಿಂಗಳಲ್ಲಿ ಡಿ ಬಿಯರ್ಸ್ ಕಂಪನಿಯ ಭೂವಿಜ್ಞಾನಿಗಳಿಗೆ ಒರಾಪಾ ಎಂಬಲ್ಲಿ ವಜ್ರದ ದೊಡ್ಡ ನಿಕ್ಷೇಪ ಸಿಕ್ಕಿತು. ಹನ್ನೆರಡು ವರ್ಷಗಳಿಂದ ಅವರು ಆ ಮರಳುಗಾಡಿನಲ್ಲಿ ಹುಡುಕುತ್ತಿದ್ದರು. ಒರಾಪಾ ಇರುವುದು ಎಲ್ಲಿ? ಬಂಗ್ವಾಟೊ ನೆಲದಲ್ಲೇ! ಅಂದರೆ ಈ ಕಾನೂನಿನಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಅಧ್ಯಕ್ಷರ ಸ್ವಂತ ಜನರು. ತಮ್ಮವರಿಗೆ ನಷ್ಟವಾಗುವಂಥದ್ದನ್ನು ತಾವೇ ಮುಂದೆ ನಿಂತು ಮಾಡಿದ್ದರಿಂದ ಬೇರೆ ಬುಡಕಟ್ಟಿನವರು ಬಾಯಿ ಬಿಡುವಂತಿರಲಿಲ್ಲ.

ಇದರ ಬೆಲೆ ತಿಳಿಯಬೇಕಾದರೆ ಆ ವರ್ಷಗಳಲ್ಲಿ ಸುತ್ತಮುತ್ತ ಏನಾಗುತ್ತಿತ್ತೆಂದು ನೋಡಬೇಕು. 1960ರಲ್ಲಿ ಕಾಂಗೋ ದೇಶದ ತಾಮ್ರದ ಸೀಮೆ ಕಟಾಂಗಾ ಬೇರೆ ದೇಶವಾಗಲು ಹೊರಟು ರಕ್ತ ಹರಿದಿತ್ತು. 1967ರಲ್ಲೇ ನೈಜೀರಿಯಾದಲ್ಲಿ ತೈಲವಿದ್ದ ಪೂರ್ವ ಸೀಮೆ ಬಯಾಫ್ರಾ ಎಂದು ಬೇರೆಯಾಗಿ ಎರಡೂವರೆ ವರ್ಷ ಯುದ್ಧ ನಡೆದು ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಬೋಟ್ಸ್ವಾನಾದ ಎರಡನೆಯ ದೊಡ್ಡ ವಜ್ರದ ಗಣಿ ಜ್ವನೆಂಗ್ 1970ರ ದಶಕದಲ್ಲಿ ಪತ್ತೆಯಾಯಿತು. ಬೆಲೆಯ ಲೆಕ್ಕದಲ್ಲಿ ಅದು ಪ್ರಪಂಚದಲ್ಲೇ ಬಹಳ ಸಿರಿವಂತ ಗಣಿ. ಅದು ಸಿಕ್ಕಿದ್ದು ಬಂಗ್ವಾಕೆಟ್ಸೆ ನೆಲದಲ್ಲಿ. ಆ ಬುಡಕಟ್ಟಿನ ದೊರೆ ಬಥೋಯೆನ್ ಪಟ್ಟ ಬಿಟ್ಟು ವಿರೋಧ ಪಕ್ಷ ಸೇರಿ 1969ರಲ್ಲಿ ಮಸೀರೆಯನ್ನೇ ಸೋಲಿಸಿದ್ದವರು. ಹಳೆಯ ಪದ್ಧತಿಯೇ ಇದ್ದಿದ್ದರೆ ಒಂದು ಗಣಿ ಅಧ್ಯಕ್ಷರ ಬುಡಕಟ್ಟಿಗೆ, ಇನ್ನೊಂದು ಅವರ ಎದುರಾಳಿಯ ಬುಡಕಟ್ಟಿಗೆ, ಮಿಕ್ಕವರಿಗೆ ಏನೂ ಇಲ್ಲ ಎಂದಾಗುತ್ತಿತ್ತು. ಜಗಳಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

15ರಿಂದ 50ಕ್ಕೆ

ಹಕ್ಕು ದೇಶದ್ದಾದರೆ ಸಾಲದು, ಅಗೆಯುವವರಿಂದ ಸರಿಯಾದ ಪಾಲು ವಸೂಲಾಗಬೇಕು. 1969ರಲ್ಲಿ ಡಿ ಬಿಯರ್ಸ್ ಜೊತೆ ಕಂಪನಿ ಸ್ಥಾಪಿಸಿದಾಗ ಸರಕಾರದ ಪಾಲು ಶೇಕಡ 15 ಮಾತ್ರ. ಆಗ ಸರಕಾರದ ಬಳಿ ಹಣವೂ ಇರಲಿಲ್ಲ, ವಜ್ರದ ವ್ಯಾಪಾರ ಬಲ್ಲವರೂ ಇರಲಿಲ್ಲ. 1971ರಲ್ಲಿ ಒರಾಪಾ ಗಣಿ ಕೆಲಸ ಶುರುಮಾಡಿತು. ನಿಕ್ಷೇಪ ಎಣಿಸಿದ್ದಕ್ಕಿಂತ ದೊಡ್ಡದೆಂದು ತಿಳಿಯುತ್ತಲೇ ಮತ್ತೆ ಮಾತುಕತೆಗೆ ಕೂತರು. 1975ರಲ್ಲಿ ಸರಕಾರದ ಪಾಲು ಶೇಕಡ 50 ಆಯಿತು. ಇದರ ಮೇಲೆ ತೆರಿಗೆ ಬೇರೆ, ರಾಜಧನ ಬೇರೆ. ಎಲ್ಲ ಕೂಡಿಸಿದರೆ ಲಾಭದ ಹೆಚ್ಚಿನ ಪಾಲು ದೇಶದ ಬೊಕ್ಕಸಕ್ಕೇ ಬೀಳುವಂತಾಯಿತು. ಕಂಪನಿಯನ್ನು ಓಡಿಸಲಿಲ್ಲ, ಗಣಿಯನ್ನು ಕಿತ್ತುಕೊಳ್ಳಲಿಲ್ಲ. ಕೂತು, ಲೆಕ್ಕ ಮುಂದಿಟ್ಟು, ಮತ್ತೆ ಮತ್ತೆ ಚೌಕಾಸಿ ಮಾಡಿದರು. ದಕ್ಷಿಣ ಆಫ್ರಿಕಾದ ಜೊತೆಗಿದ್ದ ಸುಂಕದ ಒಪ್ಪಂದವನ್ನೂ 1969ರಲ್ಲಿ ಹೀಗೇ ತಿದ್ದಿಸಿಕೊಂಡು ಆದಾಯ ಹೆಚ್ಚಿಸಿಕೊಂಡಿದ್ದರು. 1970ರ ದಶಕದ ಆರಂಭದಲ್ಲೇ ನಿತ್ಯದ ಖರ್ಚಿಗೆ ಬ್ರಿಟನ್ನಿನ ಅನುದಾನ ಬೇಕಿಲ್ಲ ಎನ್ನುವ ಹಂತಕ್ಕೆ ದೇಶ ಬಂದಿತು.

ಎಲ್ಲ ಗಣಿಯೂ ಹೀಗೆ ಕೈಹಿಡಿಯಲಿಲ್ಲ. ಚೆಕೆಡಿ ಕರಾರು ಮಾಡಿದ್ದ ಕಡೆಯೇ ಸೆಲೆಬಿ-ಫಿಕ್ವೆಯಲ್ಲಿ ತಾಮ್ರ ಮತ್ತು ನಿಕಲ್ ಗಣಿ ಬಂತು. ಅದಕ್ಕಾಗಿ ಸರಕಾರ ಸಾಲ ಮಾಡಿ ಊರು, ನೀರು, ವಿದ್ಯುತ್ ಒದಗಿಸಿತು. ತಾಂತ್ರಿಕ ತೊಂದರೆ, ಬಿದ್ದ ಬೆಲೆಗಳಿಂದಾಗಿ ಆ ಗಣಿ ಸಾವಿರಾರು ಜನರಿಗೆ ಕೆಲಸ ಕೊಟ್ಟರೂ ಲಾಭ ಕೊಡಲು ಒದ್ದಾಡಿತು. 2016ರಲ್ಲಿ ಮುಚ್ಚಿತು.

ಹಣ ಹೋದ ದಾರಿ

ವಜ್ರದ ಹಣವನ್ನು ಸೆರೆಟ್ಸೆ ಮನೆಮನೆಗೆ ನಗದಾಗಿ ಹಂಚಲಿಲ್ಲ. ಇದು ನಮ್ಮ ಸಭೆಯ ಚರ್ಚೆಗೆ ನೇರವಾಗಿ ಸಂಬಂಧಿಸಿದ ಮಾತು. ಅಮೆರಿಕದ ಅಲಾಸ್ಕಾದಲ್ಲಿ ತೈಲದ ಹಣಕ್ಕೆ 1976ರಲ್ಲಿ ಶಾಶ್ವತ ನಿಧಿ ಮಾಡಿ, 1982ರಿಂದ ಪ್ರತಿಯೊಬ್ಬ ನಿವಾಸಿಗೂ ವರ್ಷಕ್ಕೊಮ್ಮೆ ಚೆಕ್ ಕಳಿಸುತ್ತಾರೆ. ಮೊದಲ ವರ್ಷ ತಲೆಗೆ ಸಾವಿರ ಡಾಲರ್ ಬಂತು. ಅದೂ ಒಂದು ನ್ಯಾಯವಾದ ಕ್ರಮವೇ. ಆದರೆ ಅಲಾಸ್ಕಾದಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಮೊದಲೇ ಇದ್ದವು. ಬೋಟ್ಸ್ವಾನಾದ ಹಳ್ಳಿಯಲ್ಲಿ ಕೈಗೆ ದುಡ್ಡು ಬಂದರೂ ಅದರಿಂದ ಕೊಳ್ಳಲು ಹತ್ತಿರದಲ್ಲಿ ಡಾಕ್ಟರ್ ಇರಲಿಲ್ಲ, ಮೇಷ್ಟ್ರು ಇರಲಿಲ್ಲ, ನೀರೂ ಇರಲಿಲ್ಲ. ಒಂದು ಮನೆಯವರು ತಮ್ಮ ಪಾಲಿನ ಹಣದಲ್ಲಿ ಕೊಳವೆಬಾವಿ ಕೊರೆಸಲಾರರು, ಊರಿಗೊಂದು ಕೊರೆಸಬಹುದು.

ಅವರ ಸರಕಾರದಲ್ಲಿ ಹಣಕಾಸು ಮತ್ತು ಅಭಿವೃದ್ಧಿ ಯೋಜನೆ ಎರಡೂ ಒಂದೇ ಮಂತ್ರಾಲಯದ ಕೈಯಲ್ಲಿದ್ದವು. ಯೋಜನೆಯಲ್ಲಿ ಇಲ್ಲದ ಖರ್ಚಿಗೆ ಹಣ ಬಿಡುಗಡೆ ಸುಲಭವಿರಲಿಲ್ಲ. ಶಾಲೆ ಕಟ್ಟಿದರೆ ಮುಂದಿನ ವರ್ಷಗಳಲ್ಲಿ ಮೇಷ್ಟ್ರ ಸಂಬಳ ಎಲ್ಲಿಂದ ಬರುತ್ತದೆಂದು ಮೊದಲೇ ತೋರಿಸಬೇಕು. ಕಚೇರಿಯಲ್ಲಿ ಬಿಲ್ಲುಗಳನ್ನು ನೋಡಿ ತಲೆ ಹಣ್ಣಾದ ನನ್ನಂಥವನಿಗೆ ಈ ಒಂದು ನಿಯಮದ ಬೆಲೆ ಚೆನ್ನಾಗಿ ಗೊತ್ತು. ಕಟ್ಟಡಕ್ಕೆ ಹಣ ಮಂಜೂರಾಗಿ, ನಡೆಸುವುದಕ್ಕೆ ಹಣವಿಲ್ಲದೆ ಬೀಗ ಬಿದ್ದ ಕಟ್ಟಡಗಳು ಯಾವ ರಾಜ್ಯದಲ್ಲಿ ಇಲ್ಲ?

ಇನ್ನೊಂದು ಸಂಗತಿ, ಸ್ವಾತಂತ್ರ್ಯ ಬಂದ ಮೊದಲ ಹತ್ತು ವರ್ಷ ಆ ದೇಶ ಸೈನ್ಯವನ್ನೇ ಇಟ್ಟುಕೊಳ್ಳಲಿಲ್ಲ. ಸುತ್ತಲೂ ಬಿಳಿಯರ ಆಳ್ವಿಕೆಯ ಬಲವಾದ ದೇಶಗಳು, ಆದರೂ ಪೊಲೀಸರಲ್ಲೇ ಕಾಲ ನೂಕಿದರು. ರೊಡೇಷಿಯಾದ ಸೈನಿಕರು ಗಡಿ ದಾಟಿ ನುಗ್ಗುವುದು ಹೆಚ್ಚಾದ ಮೇಲೆ, 1977ರಲ್ಲಿ, ಸೈನ್ಯ ಕಟ್ಟಿದರು. ಅಲ್ಲಿಯವರೆಗೆ ತೋಪಿಗೆ ಹೋಗಬೇಕಿದ್ದ ಹಣ ಹಳ್ಳಿಗೆ ಹೋಯಿತು. 1973ರಲ್ಲಿ ಗ್ರಾಮೀಣ ಅಭಿವೃದ್ಧಿಯ ತ್ವರಿತ ಕಾರ್ಯಕ್ರಮವೊಂದನ್ನು ಹಮ್ಮಿಕೊಂಡು ಹಳ್ಳಿಗಳಲ್ಲಿ ಶಾಲೆ, ಚಿಕಿತ್ಸಾಲಯ, ನಲ್ಲಿ ನೀರು, ರಸ್ತೆಗಳನ್ನು ಬೇಗಬೇಗ ಮಾಡಿಸಿದರು. 1974ರಲ್ಲಿ ಚುನಾವಣೆ ಇತ್ತು, ಅದಕ್ಕೇ ಈ ಅವಸರ ಎಂದು ಟೀಕಿಸಿದವರೂ ಇದ್ದಾರೆ. ಇರಬಹುದು. ನಲ್ಲಿಯಲ್ಲಿ ನೀರು ಮಾತ್ರ ಚುನಾವಣೆಯ ನಂತರವೂ ಬಂತು. 1980ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿದರು.

1976ರಲ್ಲಿ ದೇಶಕ್ಕೆ ಸ್ವಂತ ನಾಣ್ಯ ಬಂತು. ಅದಕ್ಕೆ ಅವರಿಟ್ಟ ಹೆಸರು ಪುಲಾ. ಅವರ ಭಾಷೆಯಲ್ಲಿ ಪುಲಾ ಎಂದರೆ ಮಳೆ. ಸಭೆ ಮುಗಿದಾಗ ಎಲ್ಲರೂ ಸೇರಿ ಕೂಗುವ ಮಂಗಳದ ಮಾತೂ ಅದೇ. ಮಳೆಗೆ ಬಾಯಿಬಿಟ್ಟು ಕಾಯುವ ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯಿಂದ ಬಂದ ನಮ್ಮ ಹಿರಿಯರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಹೊತ್ತಿಗೆ ಇನ್ನೊಂದು ನಡೆಯಿತು. ಲೆಸೊಥೊ, ಸ್ವಾಜಿಲ್ಯಾಂಡ್ ಜೊತೆ ಸೇರಿ ನಡೆಸುತ್ತಿದ್ದ ವಿಶ್ವವಿದ್ಯಾಲಯದಿಂದ 1975ರಲ್ಲಿ ಲೆಸೊಥೊ ಹೊರಬಿತ್ತು. ಕ್ಯಾಂಪಸ್ ಅವರ ನೆಲದಲ್ಲಿತ್ತು. ಬೋಟ್ಸ್ವಾನಾ ತನ್ನದೇ ಕ್ಯಾಂಪಸ್ ಕಟ್ಟಬೇಕಾಯಿತು. ಆಗಲೇ ವಜ್ರದ ಹಣ ಬರತೊಡಗಿತ್ತು. ಆದರೂ ಸೆರೆಟ್ಸೆ ಜನರ ಮುಂದೆ ಜೋಳಿಗೆ ಹಿಡಿದರು, ಒಬ್ಬೊಬ್ಬರೂ ಒಂದು ದನ ಕೊಡಿ ಎಂಬುದೇ ಆಂದೋಲನದ ಹೆಸರಾಯಿತು. ದನವಿದ್ದವರು ದನ, ಇಲ್ಲದವರು ಧಾನ್ಯ, ಕೋಳಿಮೊಟ್ಟೆ, ಚಿಲ್ಲರೆ ಕಾಸು ತಂದು ಕೊಟ್ಟರು. ಬೊಕ್ಕಸ ತುಂಬುವ ಕಾಲದಲ್ಲೂ ಜನ ಕೈಯೆತ್ತಿ ಕೊಟ್ಟದ್ದರಿಂದ ವಿಶ್ವವಿದ್ಯಾಲಯ ತಮ್ಮದು ಎಂಬ ಭಾವ ಮನೆಮನೆಯಲ್ಲಿ ಉಳಿಯಿತು. ಸರಕಾರದಿಂದ ಬರೀ ಪಡೆಯುವವರಾಗಿದ್ದರೆ ಅದು ಉಳಿಯುತ್ತಿತ್ತೇ? ನಮ್ಮ ಸಂಘದ ಕಟ್ಟಡಕ್ಕೆ ಹಿರಿಯರು ರಸೀದಿ ಪುಸ್ತಕ ಹಿಡಿದು ಬಾಗಿಲು ಬಾಗಿಲು ತಿರುಗಿದ್ದನ್ನು ಕಂಡವರು ಯೋಚಿಸಿ ನೋಡಿ.

ಕೊನೆಯ ದಿನಗಳು, ಉಳಿದ ಕೊರತೆಗಳು

ಕೊನೆಯ ವರ್ಷಗಳಲ್ಲಿ ಸೆರೆಟ್ಸೆ ಆರೋಗ್ಯ ಕೆಟ್ಟಿತ್ತು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎರಡೂ ಇದ್ದವು. ಆದರೂ ಜಿಂಬಾಬ್ವೆಯ ಸ್ವಾತಂತ್ರ್ಯಕ್ಕೆ ನಡೆದ ಮಾತುಕತೆಗಳಲ್ಲಿ, 1980ರ ಏಪ್ರಿಲಿನಲ್ಲಿ ನೆರೆಯ ದೇಶಗಳ ಸಹಕಾರ ಒಕ್ಕೂಟ ಕಟ್ಟುವುದರಲ್ಲಿ ಮುಂದೆ ಇದ್ದರು. ಜೂನ್‌ನಲ್ಲಿ ಲಂಡನ್ನಿನ ವೈದ್ಯರು ಹೊಟ್ಟೆಯ ಕ್ಯಾನ್ಸರ್ ಎಂದು ಕೈಚೆಲ್ಲಿದರು. ಊರಿಗೆ ಮರಳಿದರು. ಜುಲೈ 13ರಂದು, 59ನೇ ವಯಸ್ಸಿನಲ್ಲಿ, ತೀರಿಕೊಂಡರು. ಸೆರೊವೆಯ ಗುಡ್ಡದ ಮೇಲಿನ ಮನೆತನದ ಸಮಾಧಿಯಲ್ಲಿ ಅವರನ್ನು ಮಣ್ಣು ಮಾಡಿದರು. ಅಧಿಕಾರ ಗಲಾಟೆಯಿಲ್ಲದೆ ಮಸೀರೆಗೆ ಹೋಯಿತು. ರೂತ್ ಅವರು ಆ ದೇಶವನ್ನು ಬಿಟ್ಟು ಹೋಗಲಿಲ್ಲ, 2002ರಲ್ಲಿ ಅಲ್ಲೇ ತೀರಿಕೊಂಡರು. ಮಗ ಇಯಾನ್ ಖಾಮಾ ಮುಂದೆ ಹತ್ತು ವರ್ಷ ಅಧ್ಯಕ್ಷರಾಗಿದ್ದರು.

ಮಹನೀಯರ ಚರಿತ್ರೆ ಎಂದು ಬರೀ ಹೊಗಳಿ ಮುಗಿಸಬಾರದು. ಸೆರೆಟ್ಸೆ ಸ್ವತಃ ದೊಡ್ಡ ದನಗಾಹಿ ಮನೆತನದವರು. 1975ರ ಹುಲ್ಲುಗಾವಲು ನೀತಿಯಿಂದ ಹೆಚ್ಚು ದನವಿದ್ದವರಿಗೆ ಬೇಲಿ ಹಾಕಿದ ದೊಡ್ಡ ಜಾಗ ಸಿಕ್ಕಿತು, ದನವಿಲ್ಲದ ಬಡವರಿಗೆ ಹೆಚ್ಚೇನೂ ಸಿಗಲಿಲ್ಲ. ಕಲಹಾರಿಯ ಮೂಲನಿವಾಸಿಗಳಾದ ಸಾನ್ ಜನರಿಗೆ ನೆಲವೂ ಕೈತಪ್ಪಿತು, ಸಿರಿಯ ಪಾಲೂ ಸರಿಯಾಗಿ ತಲುಪಲಿಲ್ಲ. ಬಡವ-ಬಲ್ಲಿದರ ಅಂತರ ಇಂದಿಗೂ ಅಲ್ಲಿ ಬಹಳ ಇದೆ. ದೇಶವೇ ವಜ್ರವೊಂದನ್ನು ನೆಚ್ಚಿ ಕೂತದ್ದು ಇನ್ನೊಂದು ತೊಂದರೆ. ಈಚೆಗೆ ಪ್ರಯೋಗಾಲಯದಲ್ಲಿ ಮಾಡಿದ ವಜ್ರ ಅಗ್ಗವಾಗಿ ಬಂದು ಗಣಿ ವಜ್ರದ ಮಾರುಕಟ್ಟೆ ಬಿದ್ದಿದೆ, ಅಲ್ಲಿಯ ಬೊಕ್ಕಸಕ್ಕೂ ಪೆಟ್ಟು ಬಿದ್ದಿದೆ. 2024ರಲ್ಲಿ, 58 ವರ್ಷಗಳ ನಂತರ, ಅವರ ಪಕ್ಷವನ್ನು ಜನ ಮತದಿಂದಲೇ ಕೆಳಗಿಳಿಸಿದರು. ಅಧಿಕಾರ ಆಗಲೂ ಶಾಂತವಾಗಿ ಬದಲಾಯಿತು. ಅದು ಕೂಡ ಅವರು ಹಾಕಿಕೊಟ್ಟ ಪದ್ಧತಿಯೇ.

ಇನ್ನು ನಮ್ಮ ಗೋವಾದ ಮಾತು. 2012ರಲ್ಲಿ ಇಲ್ಲಿಯ ಗಣಿಗಾರಿಕೆ ನಿಂತಿತು. 2014ರ ಏಪ್ರಿಲ್ 21ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ಅದಿರು ಮಾರಿದ ಹಣದಲ್ಲಿ ಶೇಕಡ 10ನ್ನು ಮುಂದಿನ ಪೀಳಿಗೆಗಾಗಿ ಒಂದು ಶಾಶ್ವತ ನಿಧಿಯಲ್ಲಿ ಇಡಬೇಕೆಂದು ಹೇಳಿತು. 2018ರಲ್ಲಿ ಗುತ್ತಿಗೆಗಳು ರದ್ದಾಗಿ ಗಣಿ ಮತ್ತೆ ನಿಂತಿತು. ಎರಡೂ ಸಲ ಕೆಲಸ ಕಳೆದುಕೊಂಡವರಲ್ಲಿ ನಮ್ಮವರು ಎಷ್ಟು ಮಂದಿ ಎಂದು ನಿಮಗೆ ಗೊತ್ತು. ಸಾಲ ಮಾಡಿ ಟಿಪ್ಪರ್ ಕೊಂಡವರು ಕಂತು ಕಟ್ಟಲಾಗದೆ ಒದ್ದಾಡಿದ್ದು ಗೊತ್ತು. ಕೋರ್ಟು ಹೇಳಿದ ತತ್ವ ಸೆರೆಟ್ಸೆ ಹಿಡಿದ ತತ್ವಕ್ಕೆ ಬಹಳ ಹತ್ತಿರ. ಅದಿರು ಅಗೆದವನದೂ ಅಲ್ಲ, ಇಂದು ಆಳುವವನದೂ ಅಲ್ಲ, ಇನ್ನೂ ಹುಟ್ಟದ ಮಕ್ಕಳಿಗೂ ಅದರಲ್ಲಿ ಪಾಲಿದೆ.

ಅವರ ಬದುಕಿನಿಂದ ನಾನು ತಿಳಿದುಕೊಂಡದ್ದು ಇಷ್ಟು. ನಗದು ಹಂಚಬೇಕೋ, ಶಾಲೆ ಕಟ್ಟಬೇಕೋ ಎಂಬ ಪ್ರಶ್ನೆ ಎರಡನೆಯದು. ಮೊದಲನೆಯದು, ಇದು ಯಾರ ಹೆಸರಿನಲ್ಲಿದೆ, ಇದರ ಲೆಕ್ಕ ಯಾರ ಮುಂದೆ ತೆರೆದಿದೆ ಎಂಬುದು. ಅದು ಸರಿಯಾದರೆ ಹಂಚಿಕೆಯ ದಾರಿಯನ್ನು ಜನರೇ ಕೂತು ತೀರ್ಮಾನಿಸಬಹುದು. ಅದು ಸರಿಯಾಗಬೇಕಾದರೆ ಮೊದಲು ಯಾರಾದರೊಬ್ಬರು ತಮ್ಮವರ ಪಾಲನ್ನು ಬಿಟ್ಟುಕೊಡಬೇಕು. ಸೆರೆಟ್ಸೆ ಖಾಮಾ ಬಿಟ್ಟುಕೊಟ್ಟರು.

ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯದ ಮೇಲೆ ಅರ್ಧ ಗಂಟೆ ಮುಕ್ತ ಚರ್ಚೆ ಇಟ್ಟುಕೊಂಡಿದ್ದೇವೆ. ಗಣಿಯಲ್ಲಿ, ಬಂದರಿನಲ್ಲಿ ದುಡಿದ ಹಿರಿಯರು ದಯವಿಟ್ಟು ಬಂದು ತಮ್ಮ ಅನುಭವ ಹೇಳಬೇಕು. ಕಾಲೇಜು ಓದುವ ಮಕ್ಕಳನ್ನೂ ಜೊತೆಗೆ ಕರೆತನ್ನಿ, ಕೇಳಿಸಿಕೊಳ್ಳಲಿ. ಎಂದಿನಂತೆ ಸಭೆಯ ನಂತರ ಚಹಾ, ಅವಲಕ್ಕಿ ಇರುತ್ತದೆ.

ಇಂತಿ ನಿಮ್ಮ,
ಕಾರ್ಯದರ್ಶಿ